ಮರೆವಿನ ಕಾಯಿಲೆಗೆ ರಕ್ತ ಪರೀಕ್ಷೆ: ಈಗಲೇ ಮಾಡಿಸಿಬಿಡಲಾ?

ಪ್ರಶ್ನೆ: ನನ್ನ ತಾಯಿಗೆ 74 ವರ್ಷ. ಆಲ್ಝೈಮರ್ ಇದೆ ಅಂತ ಎರಡು ವರ್ಷದ ಹಿಂದೆ ಗೊತ್ತಾಯಿತು. ನನಗೀಗ 46. ಫೋನ್ ಎಲ್ಲಿಟ್ಟೆ ಅನ್ನೋದು ಮರೆಯುತ್ತದೆ, ಹೆಸರುಗಳು ನಾಲಿಗೆ ತುದಿಗೆ ಬಂದು ನಿಲ್ಲುತ್ತವೆ. ಈ ಕಾಯಿಲೆಗೆ ರಕ್ತ ಪರೀಕ್ಷೆ ಬಂದಿದೆಯಂತೆ. ಮಾಡಿಸಿಬಿಡಲಾ?

ಉತ್ತರ: ಸದ್ಯಕ್ಕೆ ಬೇಡ.

ನೀವು ಕೇಳಿರೋದು ಪಿ-ಟೌ217 ಅನ್ನೋ ರಕ್ತ ಪರೀಕ್ಷೆ ಬಗ್ಗೆ ಇರಬೇಕು. ಆಲ್ಝೈಮರ್‌ನಲ್ಲಿ ಮೆದುಳಿನ ಜೀವಕೋಶಗಳ ಹೊರಗೆ ಅಮಿಲಾಯ್ಡ್ ಅನ್ನೋ ಪ್ರೋಟೀನ್ ಗಡ್ಡೆಗಟ್ಟುತ್ತದೆ, ಒಳಗೆ ಟೌ ಪ್ರೋಟೀನ್ ಸಿಕ್ಕುಗಟ್ಟುತ್ತದೆ. ಬದಲಾದ ಟೌ ಒಂದಿಷ್ಟು ರಕ್ತಕ್ಕೂ ಸೋರುತ್ತದೆ, ಅದನ್ನೇ ಅಳೆಯುತ್ತಾರೆ. ಮೊದಲು ಇದಕ್ಕೆ ಬೆನ್ನಿಗೆ ಸೂಜಿ ಚುಚ್ಚಿ ನೀರು ತೆಗೆಯಬೇಕಿತ್ತು, ಇಲ್ಲವೇ ಪೆಟ್ ಸ್ಕ್ಯಾನ್ ಮಾಡಿಸಬೇಕಿತ್ತು. ಹಾಗಾಗಿ ಇದು ದೊಡ್ಡ ಹೆಜ್ಜೆಯೇ. ಆದರೆ 2025ರ ಮೇನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಇಂಥ ಮೊದಲ ರಕ್ತ ಪರೀಕ್ಷೆಗೆ ಒಪ್ಪಿಗೆ ಕೊಟ್ಟಿದ್ದು 55 ದಾಟಿದ, ಮರೆವಿನ ಲಕ್ಷಣ ಈಗಾಗಲೇ ಕಾಣಿಸಿಕೊಂಡು ತಜ್ಞರ ಹತ್ತಿರ ಬಂದವರಿಗೆ. ನಿಮಗಲ್ಲ, ನಿಮಗಿನ್ನೂ 46, ಫೋನ್ ಎಲ್ಲಿಟ್ಟೆ ಅನ್ನೋ ಮರೆವನ್ನು ಆ ಲಕ್ಷಣದ ಲೆಕ್ಕಕ್ಕೆ ಸೇರಿಸೋದಿಲ್ಲ.

ಲಕ್ಷಣ ಇಲ್ಲದವರಿಗೆ ಮಾಡಿದರೆ ಏನಾಗುತ್ತದೆ ನೋಡಿ. ಪರೀಕ್ಷೆ ನೂರಕ್ಕೆ 90 ಸಲ ಸರಿ ಹೇಳುತ್ತದೆ ಅಂದುಕೊಳ್ಳಿ, ಮತ್ತು ಅಂಥ 100 ಜನರಲ್ಲಿ 5 ಜನರಿಗೆ ಮಾತ್ರ ನಿಜವಾಗಿ ಅಮಿಲಾಯ್ಡ್ ಇದೆ ಅಂದುಕೊಳ್ಳಿ. ಆ 5ರಲ್ಲಿ ನಾಲ್ಕೈದು ಜನ ಸಿಕ್ಕಿಬೀಳುತ್ತಾರೆ, ಸರಿ. ಆದರೆ ಏನೂ ಇಲ್ಲದ 95ರಲ್ಲಿ ಒಂಬತ್ತು ಹತ್ತು ಜನರಿಗೂ ‘ಇದೆ’ ಅಂತಲೇ ಬರುತ್ತದೆ. ಇದ್ದವರಿಗಿಂತ ಇಲ್ಲದವರೇ ಜಾಸ್ತಿ ಹೆದರಿದಂತಾಯಿತು, ಅಲ್ವಾ? ಮೂತ್ರಪಿಂಡದ ತೊಂದರೆ ಇದ್ದರೂ ಈ ಅಂಕಿ ಏರಬಹುದು. ಇನ್ನೊಂದು ವಿಷಯ, ಮರೆವು ಶುರುವಾಗುವುದಕ್ಕೆ 15-20 ವರ್ಷ ಮೊದಲೇ ಅಮಿಲಾಯ್ಡ್ ಕೂಡತೊಡಗುತ್ತದೆ, ಅದು ತಲೆಯಲ್ಲಿದ್ದೂ ಕೊನೆತನಕ ನೆನಪು ಚೆನ್ನಾಗಿಟ್ಟುಕೊಂಡವರೂ ಇದ್ದಾರೆ. ಲೆಕಾನೆಮ್ಯಾಬ್, ಡೊನಾನೆಮ್ಯಾಬ್ ಅನ್ನೋ ಹೊಸ ಔಷಧಿಗಳನ್ನು ಕೊಡುವುದೂ ಲಕ್ಷಣ ಶುರುವಾದವರಿಗೇ. ಹಾಗಾದರೆ ಆ ಕಾಗದ ಕೈಯಲ್ಲಿ ಹಿಡಿದು ಏನು ಮಾಡುತ್ತೀರಿ? ಸುಮ್ನೆ ನಿದ್ದೆ ಕೆಡುತ್ತದೆ.

ನಿಮ್ಮ ಮರೆವಿಗೆ ಮೊದಲು ನೋಡಬೇಕಾದ್ದು ಬಿ12, ಥೈರಾಯ್ಡ್, ನಿದ್ದೆ, ಮನಸ್ಸಿನ ಬೇಸರ, ನುಂಗುತ್ತಿರುವ ಮಾತ್ರೆಗಳು. ಇವೆಲ್ಲ ಸರಿಪಡಿಸಬಹುದಾದಂಥವು. ಮನೆಯಲ್ಲಿ ಹಲವರಿಗೆ 60ಕ್ಕೂ ಮೊದಲೇ ಕಾಯಿಲೆ ಬಂದಿದ್ದರೆ ಮಾತ್ರ ವಂಶವಾಹಿ ತಜ್ಞರನ್ನು ಕಾಣಿ. ನಿಮ್ಮ ತಾಯಿಗೆ ಗೊತ್ತಾಗಿದ್ದು 72ಕ್ಕೆ, ಅದು ಬೇರೆ ಕತೆ.

ಪ್ರಶ್ನೆ: ತಂದೆಯ ಕೈ ನಡುಗುತ್ತದೆ. ಡಾಕ್ಟರು ನಡೆಸಿ ನೋಡಿ, ಬೆರಳು ಬಡಿಯಲು ಹೇಳಿ, ಪಾರ್ಕಿನ್ಸನ್ ಅಂದುಬಿಟ್ಟರು. ಒಂದು ಟೆಸ್ಟೂ ಬರೆಯಲಿಲ್ಲ. ಉಡಾಫೆ ಅಲ್ಲವೇ?

ಉತ್ತರ: ಅಲ್ಲ. ಪಾರ್ಕಿನ್ಸನ್ ಪತ್ತೆ ಮಾಡೋದೇ ಹಾಗೆ, ಕಣ್ಣಲ್ಲಿ ಮತ್ತು ಕೈಯಲ್ಲಿ. ಚಲನೆ ನಿಧಾನವಾಗಿರಬೇಕು, ಜೊತೆಗೆ ನಡುಕವೋ ಬಿಗಿತವೋ ಇರಬೇಕು. ಪ್ರಯೋಗಾಲಯದ ಪರೀಕ್ಷೆಯೂ ಒಂದಿದೆ. ಇದು ಸಹವಾಸ ದೋಷದ ಪರೀಕ್ಷೆ ಅನ್ನಿ: ಬೆನ್ನುಹುರಿಯ ನೀರಲ್ಲಿ ತಪ್ಪಾಗಿ ಮಡಚಿಕೊಂಡ ಆಲ್ಫಾ-ಸಿನ್ಯೂಕ್ಲೀನ್ ಅನ್ನೋ ಪ್ರೋಟೀನ್ ಇದ್ದರೆ, ಅದರ ಜೊತೆ ಬೆರೆಸಿದ ಸರಿಯಾದ ಪ್ರೋಟೀನೂ ಕೆಟ್ಟು ಗಂಟಾಗುತ್ತದೆ. ಚೆಂದದ ಉಪಾಯ. ಆದರೆ ಲಕ್ಷಣ ಸ್ಪಷ್ಟವಾಗಿದ್ದವರ ಬೆನ್ನಿಗೆ ಸೂಜಿ ಚುಚ್ಚುವಷ್ಟು ಅಗತ್ಯ ಕಾಣೋದಿಲ್ಲ. ಪಾರ್ಕಿನ್ಸನ್‌ಗೆ ಕೊಡುವ ಲೆವೊಡೋಪಾ ಮಾತ್ರೆ ಶುರು ಮಾಡಿದರೆ ನಡಿಗೆ, ಗುಂಡಿ ಹಾಕುವುದು, ಕೈಬರಹ ಎಷ್ಟು ಸುಧಾರಿಸಿತು ಅಂತ ಬರೆದಿಟ್ಟುಕೊಂಡು ಮುಂದಿನ ಸಲ ಡಾಕ್ಟರಿಗೆ ತೋರಿಸಿ.