ಪ್ರತಿ: ಡೇಲಿಯಾ ಗೆಡ್ಡೆ ಚಳಿಗಾಲದಲ್ಲಿ ಕೊಳೆಯುತ್ತದೆ, ಏನು ಮಾಡಲಿ?

ಗೆಡ್ಡೆ ಕಿತ್ತು, ತೊಳೆದು, ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿಟ್ಟೆ ಅಂದಿರಿ. ಎಡವಟ್ಟಾಗಿದ್ದು ಅಲ್ಲೇ. ಕಿತ್ತ ಮೇಲೂ ಗೆಡ್ಡೆ ಉಸಿರಾಡುತ್ತದೆ. ಅದು ಬಿಟ್ಟ ತೇವ ಹೊರಹೋಗಲು ದಾರಿಯಿಲ್ಲದೆ ಬೂಸ್ಟು ಹಿಡಿಯುತ್ತದೆ.

ಮೊದಲ ಹಿಮಕ್ಕೆ ಎಲೆ ಕಪ್ಪಾದ ಮೇಲೆ ಒಂದು ವಾರ ಬಿಡಿ. ನೆಲ ಹೆಪ್ಪುಗಟ್ಟುವಂತಿದ್ದರೆ ಮಾತ್ರ ಕಾಯಬೇಡಿ. ಕಾಂಡವನ್ನು 10–15 ಸೆಂ.ಮೀ. ಉಳಿಸಿ ಕತ್ತರಿಸಿ, ಬುಡದಿಂದ 30 ಸೆಂ.ಮೀ. ದೂರದಲ್ಲಿ ಸುತ್ತಲೂ ತೋಟ ಅಗೆಯುವ ಫೋರ್ಕ್ ಇಳಿಸಿ ಮೆಲ್ಲಗೆ ಮೀಟಿ ಎತ್ತಿ. ಕಾಂಡ ಹಿಡಿದು ಜಗ್ಗಲೇಬಾರದು. ಮೊಳೆಯುವ ಕಣ್ಣುಗಳಿರುವುದು ಗೆಡ್ಡೆಯ ಮೈಮೇಲಲ್ಲ, ಅದು ಕಾಂಡಕ್ಕೆ ಸೇರುವ ಜಾಗದಲ್ಲಿ. ಕತ್ತು ಮುರಿದ ಗೆಡ್ಡೆ ಎಷ್ಟೇ ದಪ್ಪಗಿದ್ದರೂ ಚಿಗುರುವುದಿಲ್ಲ, ಗೊಬ್ಬರದ ಗುಂಡಿಗೆ ಹಾಕಿ.

ಡೇಲಿಯಾ ಕಾಂಡ ಒಳಗೆ ಟೊಳ್ಳು. ಅದರಲ್ಲಿ ನಿಂತ ನೀರು ನೇರ ಕಣ್ಣಿನ ಜಾಗಕ್ಕೇ ಇಳಿದು ಕೊಳೆಸುತ್ತದೆ. ಹಾಗಾಗಿ ತಲೆಕೆಳಗಾಗಿಟ್ಟು, ಬಿಸಿಲು ತಾಗದ ಗಾಳಿಯಾಡುವ ಕಡೆ ಕೆಲವು ದಿನ ಒಣಗಿಸಿ. ಆಮೇಲೆ ರಟ್ಟಿನ ಪೆಟ್ಟಿಗೆಗೆ ತೂತು ಮಾಡಿ, ಅರೆತೇವದ ವರ್ಮಿಕ್ಯುಲೈಟ್ (ತೇವ ಹಿಡಿದಿಡುವ ಹಗುರ ಖನಿಜದ ಚೂರು) ಅಥವಾ ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಹಾಸಿ, ಒಂದಕ್ಕೊಂದು ತಾಗದಂತೆ ಜೋಡಿಸಿ. ಕೋಕೋಪೀಟನ್ನು ಮುಷ್ಟಿಯಲ್ಲಿ ಹಿಂಡಿದರೆ ಒಂದು ಹನಿಯೂ ಬೀಳಬಾರದು. ಕತ್ತಲಿರಲಿ, ಉಷ್ಣಾಂಶ 4–10 ಡಿಗ್ರಿ ಸೆಲ್ಸಿಯಸ್ ಇರಲಿ.

ತಿಂಗಳಿಗೊಮ್ಮೆ ಒತ್ತಿ ನೋಡಿ. ಮೆತ್ತಗಾದ ಭಾಗವನ್ನು ಗಟ್ಟಿ ತಿರುಳು ಸಿಗುವವರೆಗೆ ಕತ್ತರಿಸಿ ತೆಗೆಯಿರಿ. ಸುಕ್ಕುಗಟ್ಟಿದ್ದರೆ ಸ್ವಲ್ಪ ನೀರು ಚಿಮುಕಿಸಿದರೆ ಸಾಕು.

ಇನ್ನು ಖಾಲಿಯಾದ ಪಾತಿಗೆ ಈಗಲೇ ರಾಸಾಯನಿಕ ಗೊಬ್ಬರ ಬೇಡ, ಮಳೆ-ಹಿಮದ ನೀರಿನಲ್ಲಿ ಕೊಚ್ಚಿಹೋಗುತ್ತದೆ. 5 ಸೆಂ.ಮೀ. ಕಾಂಪೋಸ್ಟ್ ಹರಡಿ ಬಿಡಿ, ಅಗೆಯಬೇಕಿಲ್ಲ.