ಗಂಡ ಜೈಲಿನಿಂದ ಹೊರಬರುವ ಮುನ್ನ ಮತ್ತು ನಂತರ: ಓದುಗರ ಪ್ರಶ್ನೆ, ತಜ್ಞರ ಉತ್ತರ

ಜೈಲಿನಿಂದ ಬಿಡುಗಡೆಯಾದ ಗಂಡನೇ ಹೆಂಡತಿಯನ್ನು ಕೊಲ್ಲುವ ಪ್ರಕರಣಗಳ ಬಗ್ಗೆ ಬಳ್ಳಾರಿ, ರಾಯಚೂರು, ಕೊಪ್ಪಳ ಜಿಲ್ಲೆಗಳ ಓದುಗರು ಕೇಳಿರುವ ಪ್ರಶ್ನೆಗಳಿಗೆ ಕಾನೂನು ಮತ್ತು ಆಪ್ತಸಮಾಲೋಚನೆ ಬಲ್ಲವರು ಇಲ್ಲಿ ಉತ್ತರಿಸಿದ್ದಾರೆ. ಹೆಸರು, ಊರುಗಳನ್ನು ಬಿಟ್ಟಿದ್ದೇವೆ.

ಪ್ರಶ್ನೆ: ತಂಗಿಯ ಮೇಲೆ ಅವಳ ಗಂಡ ಕೊಡಲಿಯಿಂದ ಹಲ್ಲೆ ಮಾಡಿದ. ಕೊಲೆ ಯತ್ನದ ಕೇಸಾಗಿ ಬಳ್ಳಾರಿ ಕೇಂದ್ರ ಕಾರಾಗೃಹದಲ್ಲಿದ್ದಾನೆ. ಜಾಮೀನಿಗೆ ಓಡಾಡುತ್ತಿದ್ದಾರೆ ಎಂದು ಕೇಳಿದ್ದೇವೆ. ಅವನು ಹೊರಬರುವುದು ನಮಗೆ ಮೊದಲೇ ಗೊತ್ತಾಗುತ್ತದೆಯೇ? ತಡೆಯಬಹುದೇ? (ಸಿರುಗುಪ್ಪ ತಾಲೂಕು)

ಉತ್ತರ: ಯಾರಾದರೂ ತಿಳಿಸುತ್ತಾರೆ ಎಂದು ಕಾಯುತ್ತ ಕೂರಬೇಡಿ. ಎಷ್ಟೋ ಮನೆಗಳಿಗೆ ಅವನು ಬಂದ ಸುದ್ದಿ ಮುಟ್ಟುವುದು ಅವನು ಬಾಗಿಲು ಬಡಿದಾಗಲೇ.

ಎಫ್‌ಐಆರ್ ಪ್ರತಿಯನ್ನು ಉಚಿತವಾಗಿ ಪಡೆಯುವುದು ನಿಮ್ಮ ಹಕ್ಕು. ಅದನ್ನು ಹಿಡಿದು ಕೋರ್ಟಿನಲ್ಲಿ ಕೇಸಿನ ಸಿಎನ್‌ಆರ್ ಸಂಖ್ಯೆ ಕೇಳಿ ಪಡೆಯಿರಿ. ಅದು 16 ಅಕ್ಷರ, ಅಂಕಿಗಳದ್ದು. ಇ-ಕೋರ್ಟ್ಸ್ ಆ್ಯಪ್‌ನಲ್ಲಿ ಹಾಕಿದರೆ ಮುಂದಿನ ತಾರೀಕು ಕಾಣುತ್ತದೆ. ಜಾಮೀನು ಅರ್ಜಿ ಮಾತ್ರ ಬೇರೆ ಸಂಖ್ಯೆಯಲ್ಲಿ ದಾಖಲಾಗುತ್ತದೆ. ಆದ್ದರಿಂದ ಆರೋಪಿಯ ಹೆಸರು ಹಾಕಿಯೂ ವಾರಕ್ಕೆರಡು ಸಲ ಹುಡುಕಿ. ಸೆಷನ್ಸ್ ಕೋರ್ಟಿನಲ್ಲಿ ಜಾಮೀನು ಸಿಗದಿದ್ದರೆ ಬಳ್ಳಾರಿ, ಕೊಪ್ಪಳದವರು ಹೈಕೋರ್ಟಿನ ಧಾರವಾಡ ಪೀಠಕ್ಕೆ ಹೋಗುತ್ತಾರೆ, ರಾಯಚೂರಿನವರು ಕಲಬುರಗಿ ಪೀಠಕ್ಕೆ. ಅಲ್ಲಿಯೂ ಹೆಸರು ಹುಡುಕಬೇಕು. ಕೆಳಗಿನ ಕೋರ್ಟಿನಲ್ಲಿ ಅರ್ಜಿ ವಜಾ ಆಯಿತೆಂದು ಮನೆಯವರು ನಿರಾಳರಾಗಿರುವಾಗಲೇ ಮೇಲಿನ ಕೋರ್ಟಿನ ಆದೇಶ ಬಂದಿರುತ್ತದೆ.

ಇನ್ನೊಂದು ಮುಖ್ಯ ಸಂಗತಿಯನ್ನು ಹೆಚ್ಚಿನವರು ಗಮನಿಸುವುದಿಲ್ಲ. ಕೊಲೆ ಯತ್ನದಲ್ಲಿ ಗಾಯವಾಗಿದ್ದರೆ ಪೊಲೀಸರು 90 ದಿನದೊಳಗೆ ದೋಷಾರೋಪ ಪಟ್ಟಿ ಸಲ್ಲಿಸಬೇಕು. ಹೆಂಡತಿ ಮೇಲಿನ ಕ್ರೌರ್ಯದ ಕಲಂ 85 (ಭಾರತೀಯ ನ್ಯಾಯ ಸಂಹಿತೆ, ಬಿಎನ್‌ಎಸ್) ಮಾತ್ರ ಹಾಕಿದ್ದರೆ 60 ದಿನ. ಆ ಅವಧಿ ಮೀರಿದರೆ ಆರೋಪಿಗೆ ಜಾಮೀನು ಹಕ್ಕಾಗಿ ಸಿಗುತ್ತದೆ, ನಿಮ್ಮ ಯಾವ ತಕರಾರೂ ನಡೆಯುವುದಿಲ್ಲ. ಆದ್ದರಿಂದ ಬಂಧನದ ಬಳಿಕ ಕೋರ್ಟು ಅವನನ್ನು ಮೊದಲ ಸಲ ಕಸ್ಟಡಿಗೆ ಕೊಟ್ಟ ದಿನದಿಂದ ಲೆಕ್ಕ ಇಡಿ. 60ನೇ ದಿನ ದಾಟುತ್ತಿದ್ದಂತೆ ತನಿಖಾಧಿಕಾರಿಯನ್ನು ಕಂಡು ಗಾಯದ ಪ್ರಮಾಣಪತ್ರ, ಕೊಡಲಿಯ ಎಫ್‌ಎಸ್‌ಎಲ್ (ವಿಧಿವಿಜ್ಞಾನ ಪ್ರಯೋಗಾಲಯ) ವರದಿ ಬಂದಿವೆಯೇ ಎಂದು ಕೇಳಿ, ಬರವಣಿಗೆಯಲ್ಲೂ ಕೊಡಿ.

ಜಾಮೀನು ವಿಚಾರಣೆಯಲ್ಲಿ ಮಾತಾಡುವ ಹಕ್ಕು ನಿಮ್ಮ ತಂಗಿಗಿದೆ. ಸಂತ್ರಸ್ತರ ಮಾತನ್ನು ಪ್ರತಿ ಹಂತದಲ್ಲೂ ಕೇಳಬೇಕೆಂದು ಸುಪ್ರೀಂ ಕೋರ್ಟ್ 2022ರಲ್ಲಿ ಹೇಳಿದೆ. ಮಹಿಳೆಯರಿಗೆ ಆದಾಯ ಎಷ್ಟಿದ್ದರೂ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಉಚಿತವಾಗಿ ವಕೀಲರನ್ನು ಕೊಡುತ್ತದೆ (ಸಹಾಯವಾಣಿ 15100). ಜಾಮೀನು ಬೇಡ ಎಂದಷ್ಟೇ ಹೇಳಿ ಬರಬೇಡಿ. ಕೊಡುವುದೇ ಆದರೆ ತಾಲೂಕಿನ ಗಡಿಯೊಳಗೆ ಕಾಲಿಡಬಾರದು, ಫೋನಿನಲ್ಲಾಗಲಿ ಬೇರೆಯವರ ಮೂಲಕವಾಗಲಿ ಸಂಪರ್ಕಿಸಬಾರದು, ವಾರಕ್ಕೊಮ್ಮೆ ಠಾಣೆಗೆ ಬಂದು ಸಹಿ ಹಾಕಬೇಕು ಎಂಬ ಷರತ್ತುಗಳನ್ನು ಕೇಳಿ. 'ಬೇರೆಯವರ ಮೂಲಕ' ಎಂಬುದು ಆದೇಶದಲ್ಲಿ ಬರಲೇಬೇಕು. ಮೊದಲ ಬೆದರಿಕೆ ಬರುವುದು ಹೆಚ್ಚಾಗಿ ಅವನ ಅಕ್ಕನ ಬಾಯಿಂದ, ಸೋದರಮಾವನ ಬಾಯಿಂದ.

ಷರತ್ತು ಮುರಿದರೆ ಜಾಮೀನು ರದ್ದು ಮಾಡಲು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ (ಬಿಎನ್‌ಎಸ್‌ಎಸ್) ಕಲಂ 483(3)ರಡಿ ಸೆಷನ್ಸ್ ಕೋರ್ಟಿಗೆ ಅಥವಾ ಹೈಕೋರ್ಟಿಗೆ ಅರ್ಜಿ ಹಾಕಬಹುದು. ಬೆದರಿಕೆಯ ಆಡಿಯೊ ಇದ್ದರೆ ಮೂಲ ಫೋನನ್ನು ಮಾರಬೇಡಿ, ರೀಸೆಟ್ ಮಾಡಬೇಡಿ. ಎಲೆಕ್ಟ್ರಾನಿಕ್ ಸಾಕ್ಷ್ಯದ ಜೊತೆ ಭಾರತೀಯ ಸಾಕ್ಷ್ಯ ಅಧಿನಿಯಮದ ಕಲಂ 63ರ ಪ್ರಮಾಣಪತ್ರ ಇಡಬೇಕು, ವಕೀಲರು ಬರೆದುಕೊಡುತ್ತಾರೆ.

ಶಿಕ್ಷೆಯಾಗಿ ಒಳಗಿರುವವನು ಪೆರೋಲ್ ಕೇಳಿದಾಗ ಜೈಲಿನವರು ಸ್ಥಳೀಯ ಪೊಲೀಸರ ವರದಿ ತರಿಸುತ್ತಾರೆ. ಜಿಲ್ಲಾ ಎಸ್‌ಪಿಗೂ ಜೈಲು ಅಧೀಕ್ಷಕರಿಗೂ ಈಗಲೇ ಸ್ಪೀಡ್ ಪೋಸ್ಟಿನಲ್ಲಿ ಆಕ್ಷೇಪಣೆ ಕಳಿಸಿದ್ದರೆ ಆ ವರದಿ ಬರೆಯುವಾಗ ನಿಮ್ಮ ಕಾಗದ ಕಡತದಲ್ಲಿರುತ್ತದೆ.

ಪ್ರಶ್ನೆ: ಮಗಳ ಗಂಡ ಬಿಡುಗಡೆಯಾಗಿ ಬಂದಿದ್ದಾನೆ. ಜೈಲಲ್ಲಿ ಮಾಲೆ ಹಾಕಿಕೊಂಡು ಬದಲಾಗಿದ್ದಾನೆ, ರಾಜಿ ಮಾಡಿ ಕಳಿಸಿ ಎಂದು ಹಿರಿಯರು ಹೇಳುತ್ತಿದ್ದಾರೆ. ಹಿಂದೆ ಎರಡು ಸಲ ಅವಳ ಕುತ್ತಿಗೆ ಹಿಸುಕಿದ್ದ. ಏನು ಮಾಡಲಿ? (ಸಿಂಧನೂರು ತಾಲೂಕು)

ಉತ್ತರ: ಕಳಿಸಬೇಡಿ. ನೀವು ಬರೆದದ್ದರಲ್ಲಿ ಎಲ್ಲಕ್ಕಿಂತ ತೂಕದ ಮಾತು ಕುತ್ತಿಗೆ ಹಿಸುಕಿದ್ದು. ಹೆಂಡತಿಯರ ಕೊಲೆ ಹೇಗೆ ನಡೆಯುತ್ತವೆ ಎಂದು ಅಮೆರಿಕದಲ್ಲಿ ದಶಕಗಳ ಕಾಲ ಅಧ್ಯಯನ ಮಾಡಿದ ನರ್ಸಿಂಗ್ ಪ್ರಾಧ್ಯಾಪಕಿ ಜಾಕ್ವೆಲಿನ್ ಕ್ಯಾಂಪ್‌ಬೆಲ್ ಮತ್ತು ಸಂಗಡಿಗರು 2008ರಲ್ಲಿ ಕಂಡುಕೊಂಡಂತೆ, ಹಿಂದೆ ಕುತ್ತಿಗೆ ಹಿಸುಕಿಸಿಕೊಂಡ ಹೆಣ್ಣು ಅದೇ ಸಂಗಾತಿಯಿಂದ ಕೊಲೆಯಾಗುವ ಸಂಭವ 7 ಪಟ್ಟಿಗೂ ಹೆಚ್ಚು. ಕೆನ್ನೆಗೆ ಹೊಡೆದವನಿಗೂ ಕುತ್ತಿಗೆಗೆ ಕೈ ಹಾಕಿದವನಿಗೂ ಇರುವ ಅಂತರ ದೊಡ್ಡದು. ಹೊರಗೆ ಗುರುತು ಕಾಣದಿದ್ದರೂ ಧ್ವನಿ ಕಟ್ಟುವುದು, ನುಂಗುವಾಗ ನೋವು, ಕಣ್ಣಿನಲ್ಲಿ ಕೆಂಪು ಚುಕ್ಕೆ, ಆ ಹೊತ್ತಿನಲ್ಲಿ ಉಚ್ಚೆ ಹೋದದ್ದು ಇವು ಕುತ್ತಿಗೆಗೆ ಒಳಗೆ ಪೆಟ್ಟಾದದ್ದರ, ಮೆದುಳಿಗೆ ಉಸಿರು, ರಕ್ತ ನಿಂತದ್ದರ ಲಕ್ಷಣಗಳು. ಕುತ್ತಿಗೆಯ ರಕ್ತನಾಳ ಒಳಗೇ ಸೀಳಿ ಕೆಲವು ದಿನಗಳ ನಂತರ ಪಾರ್ಶ್ವವಾಯು ಹೊಡೆಯಬಹುದು. ಹೀಗಾದರೆ ಅದೇ ದಿನ ಜಿಲ್ಲಾ ಮಟ್ಟದ ಆಸ್ಪತ್ರೆಗೆ ಹೋಗಬೇಕು (ನಿಮಗೆ ರಾಯಚೂರಿನ ರಿಮ್ಸ್). ವೈದ್ಯರು ಎಂಎಲ್‌ಸಿಯಲ್ಲಿ (ಪೊಲೀಸ್ ಕೇಸಿಗಾಗಿ ಆಸ್ಪತ್ರೆ ಬರೆಯುವ ದಾಖಲೆ) 'ಹಲ್ಲೆ' ಎಂದಷ್ಟೇ ಬರೆದು ಬಿಡದಂತೆ, 'ಎರಡೂ ಕೈಯಿಂದ ಕುತ್ತಿಗೆ ಹಿಸುಕಿದ' ಎಂದು ಬರೆಸಿ.

ಉಳಿದ ಲಕ್ಷಣಗಳನ್ನೂ ನೋಡಿ: ಶೀಲದ ಬಗ್ಗೆ ಸಂಶಯ, ಬೆನ್ನು ಹತ್ತಿ ತಿರುಗುವುದು, ಆಯುಧ ತೋರಿಸುವುದು, ಗರ್ಭಿಣಿಯಾಗಿದ್ದಾಗ ಹೊಡೆದದ್ದು, 'ನಿನ್ನ ಕೊಂದು ನಾನೂ ಸಾಯ್ತೀನಿ' ಎನ್ನುವುದು. ಈ ಕೊನೆಯ ಮಾತನ್ನು ಊರಿನವರು ಪ್ರೀತಿ ಎಂದು ತಿಳಿಯುತ್ತಾರೆ. ಅದು ಕೊಲೆಯ ಮುನ್ಸೂಚನೆ. ಮಗಳು 'ಅವ ಅಷ್ಟು ದೂರ ಹೋಗಲ್ಲ' ಎಂದರೂ ಅದನ್ನೇ ನೆಚ್ಚಿಕೊಳ್ಳಬೇಡಿ. ಅದೇ ಅಧ್ಯಯನಗಳಲ್ಲಿ, ಕೊಲೆಯ ಅಂಚಿಗೆ ಹೋದ ಹೆಂಗಸರಲ್ಲಿ ಸುಮಾರು ಅರ್ಧದಷ್ಟು ಜನ ಅಪಾಯವನ್ನು ಕಡಿಮೆ ಅಂದಾಜು ಮಾಡಿದ್ದರು. 'ಅವ ನನ್ನ ಬಿಡಂಗಿಲ್ಲ' ಎಂದು ಅವಳು ಹೇಳಿದರೆ ಮಾತ್ರ ಅದನ್ನು ಪೂರ್ತಿ ನಂಬಿ.

ಹಿರಿಯರಿಗೆ ಹೇಳಬೇಕಾದದ್ದು ಇಷ್ಟೇ: ಜೈಲಿನಲ್ಲಿ ಹೆಂಡವೂ ಇರಲಿಲ್ಲ, ಹೆಂಡತಿಯೂ ಎದುರಿಗಿರಲಿಲ್ಲ, ಅಲ್ಲಿನ ನಡತೆ ಮನೆಯ ನಡತೆಗೆ ಸಾಕ್ಷಿಯಾಗದು. ಮಾತುಕತೆ ಬೇಕೇ ಬೇಕೆಂದರೆ ಎರಡೂ ಕಡೆಯ ವಕೀಲರು ಮಾಡಲಿ, ಅವಳು ಅಲ್ಲಿರಬೇಕಿಲ್ಲ. 'ಒಂದ್ಸಲ ಬಾ, ಕೂತು ಮಾತಾಡಿ ಮುಗಸೋಣು' ಎಂದು ಹೊಲಕ್ಕೋ ಗುಡಿಗೋ ಕರೆಯುವುದು, ಬಟ್ಟೆಬರೆ ಒಯ್ಯಲು ಒಬ್ಬಳನ್ನೇ ಕರೆಯುವುದು: ಎಷ್ಟೋ ಕೊಲೆಗಳು ಆಗಿರುವುದು ಇಂಥ ಕೊನೆಯ ಭೇಟಿಯಲ್ಲೇ.

ಪ್ರಶ್ನೆ: ಪೊಲೀಸರು 'ಅವನು ಹೊರಬಂದ ಮೇಲೆ ಏನೂ ಮಾಡಿಲ್ಲವಲ್ಲ, ಮಾಡಿದರೆ ಬನ್ನಿ' ಎನ್ನುತ್ತಾರೆ. (ಗಂಗಾವತಿ)

ಉತ್ತರ: ಬೆದರಿಕೆಯೇ ಅಪರಾಧ, ಬಿಎನ್‌ಎಸ್ ಕಲಂ 351. ಶಾಂತಿಭಂಗದ ಭಯವಿದ್ದರೆ ಬಿಎನ್‌ಎಸ್‌ಎಸ್ ಕಲಂ 126ರಡಿ ತಹಶೀಲ್ದಾರರು ಒಂದು ವರ್ಷದವರೆಗೆ ಮುಚ್ಚಳಿಕೆ ಬರೆಸಿಕೊಳ್ಳಬಹುದು. ಠಾಣೆ ದೂರು ತೆಗೆದುಕೊಳ್ಳದಿದ್ದರೆ ಅಂಚೆ ಮೂಲಕ ಎಸ್‌ಪಿಗೆ ಕಳಿಸಿ.

ಇದಕ್ಕಿಂತ ಗಟ್ಟಿಯಾದದ್ದು 2005ರ ಕೌಟುಂಬಿಕ ಹಿಂಸೆ ಕಾಯ್ದೆಯ ರಕ್ಷಣಾ ಆದೇಶ. ನಿಮ್ಮ ತಾಲೂಕಿನ ಸಿಡಿಪಿಒ (ಶಿಶು ಅಭಿವೃದ್ಧಿ ಯೋಜನಾಧಿಕಾರಿ) ಅವರೇ ಸಂರಕ್ಷಣಾಧಿಕಾರಿ. ಅವರು ಹಿಂಸೆಯ ವರದಿ ತಯಾರಿಸಿ ಮ್ಯಾಜಿಸ್ಟ್ರೇಟ್ ಕೋರ್ಟಿಗೆ ಕೊಡುತ್ತಾರೆ. ನೀವು ನೇರವಾಗಿಯೂ ಅರ್ಜಿ ಹಾಕಬಹುದು. ತವರಿನಲ್ಲಿ ತಾತ್ಕಾಲಿಕವಾಗಿ ಇದ್ದರೂ ಅಲ್ಲಿನ ಕೋರ್ಟಿಗೆ ಅಧಿಕಾರವಿದೆ. ಮೊದಲ ವಿಚಾರಣೆ ಸಾಮಾನ್ಯವಾಗಿ 3 ದಿನದೊಳಗೆ ಇರಬೇಕು. ತುರ್ತಿದ್ದರೆ ಎದುರು ಪಕ್ಷದವನನ್ನು ಕೇಳದೆಯೇ ಕಲಂ 23ರಡಿ ಮಧ್ಯಂತರ ಆದೇಶ ಕೊಡಬಹುದು, ಅದಕ್ಕೆ ನಮೂನೆ 3ರ ಪ್ರಮಾಣಪತ್ರ ಬೇಕು. ಆದೇಶ ಮುರಿದರೆ ಒಂದು ವರ್ಷದವರೆಗೆ ಜೈಲು ಅಥವಾ 20,000 ರೂ. ವರೆಗೆ ದಂಡ ಅಥವಾ ಎರಡೂ, ಅದೂ ಜಾಮೀನುರಹಿತ. ಪೊಲೀಸರು ವಾರಂಟ್ ಇಲ್ಲದೆ ಹಿಡಿಯಬಹುದು. ಅಂದರೆ ಅವನು ಹೊಡೆಯಬೇಕಿಲ್ಲ, ಬರಬಾರದೆಂದು ಆದೇಶದಲ್ಲಿದ್ದರೆ ನಿಮ್ಮ ಓಣಿಗೆ ಬಂದರೇ ಸಾಕು. ಜಾಮೀನಿನ ಷರತ್ತು ಕೇಸು ಮುಗಿದ ದಿನ ಮುಗಿಯುತ್ತದೆ. ಈ ಆದೇಶವಾದರೆ ನೀವಾಗಿ ಬೇಡವೆನ್ನುವವರೆಗೂ ಇರುತ್ತದೆ, ಶಿಕ್ಷೆ ಮುಗಿಸಿ ಬಂದವನಿಗೂ ಅನ್ವಯಿಸುತ್ತದೆ. ಆದೇಶದ ಒಂದು ಪ್ರತಿಯನ್ನು ಠಾಣೆಗೆ ಮುಟ್ಟಿಸಿ ಸ್ವೀಕೃತಿ ಹಾಕಿಸಿಕೊಳ್ಳಿ. ಒಂದನ್ನು ಪ್ಲಾಸ್ಟಿಕ್ ಕವರಿನಲ್ಲಿ ಸದಾ ಜೊತೆಗಿಡಿ. ರಾತ್ರಿ ತುರ್ತು ಸಂಖ್ಯೆ 112ರ ಗಾಡಿಯಲ್ಲಿ ಬರುವ ಸಿಬ್ಬಂದಿಗೆ ನಿಮ್ಮ ಕೇಸು ಗೊತ್ತಿರುವುದಿಲ್ಲ.

ಪ್ರಶ್ನೆ: ತವರಲ್ಲಿದ್ದೇನೆ. ಕೂಲಿಗೆ ಹೋಗದಿದ್ದರೆ ನಡೆಯದು. ಅವನು ಬಿಡುಗಡೆಯಾಗಿದ್ದಾನೆ. ದಿನಾ ಹೇಗೆ ಇರಬೇಕು? (ಕುಷ್ಟಗಿ ತಾಲೂಕು)

ಉತ್ತರ: ಮೊದಲ ಕೆಲವು ವಾರ ಅವನಿಗೆ ಗೊತ್ತಿಲ್ಲದ ಊರಲ್ಲಿ ಇರಲು ಆದರೆ ಅದೇ ಒಳ್ಳೆಯದು. ಜಿಲ್ಲೆಯ ಸಖಿ ಕೇಂದ್ರದಲ್ಲಿ (ಹಿಂಸೆಗೊಳಗಾದ ಮಹಿಳೆಯರ ಸರ್ಕಾರಿ ನೆರವು ಕೇಂದ್ರ) 5 ದಿನದವರೆಗೆ ತಂಗಬಹುದು, ಅಲ್ಲಿಂದ ಮಹಿಳೆಯರ ಆಶ್ರಯಮನೆಯಾದ ಶಕ್ತಿ ಸದನಕ್ಕೆ ಕಳಿಸುತ್ತಾರೆ. ಮಹಿಳಾ ಸಹಾಯವಾಣಿ 181ಕ್ಕೆ ಕರೆ ಮಾಡಿದರೆ ದಾರಿ ಹೇಳುತ್ತಾರೆ.

ಮನೆಯಲ್ಲೇ ಇರುವುದಾದರೆ ಬಾಗಿಲಿನಿಂದ ಶುರು ಮಾಡಿ. ಹಳೆಯ ಬಾಗಿಲಿನ ಚಿಲಕ ಎರಡು ಸಣ್ಣ ಮೊಳೆಯ ಮೇಲೆ ನಿಂತಿರುತ್ತದೆ, ಒಂದು ಒದೆತಕ್ಕೆ ಕಿತ್ತು ಬರುತ್ತದೆ. ಮೊಳೆ ತೆಗೆದು ಉದ್ದದ ಸ್ಕ್ರೂ ಹಾಕಿಸಿ, ಕೆಳಗೊಂದು ಮೇಲೊಂದು ಅಗುಳಿ ಕೂರಿಸಿ. ಹಿತ್ತಲ ಬಾಗಿಲನ್ನು ಮರೆಯಬೇಡಿ. ಬೇಸಿಗೆಯಲ್ಲಿ ಮಾಳಿಗೆ ಮೇಲೆ ಮಲಗುವವರು ಏಣಿಯನ್ನು ಮೇಲಕ್ಕೆ ಎಳೆದುಕೊಳ್ಳಿ. ಮಾಳಿಗೆಯ ಬೆಳಕಿಂಡಿಗೆ ಸರಳು ಹಾಕಿಸಿ. ಕೊಡಲಿ, ಕುಡುಗೋಲು ಅಂಗಳದ ಗೋಡೆಗೆ ಒರಗಿರದೆ ಪೆಟ್ಟಿಗೆಯೊಳಗಿರಲಿ, ಕ್ರಿಮಿನಾಶಕದ ಡಬ್ಬಿಯೂ ಹಾಗೆಯೇ. ಅವನು ಒಳಗೆ ಬಂದೇ ಬಿಟ್ಟರೆ ಅಡುಗೆಮನೆಗೆ ಓಡಬೇಡಿ, ಅಲ್ಲಿ ಈಳಿಗೆ, ಸೀಮೆಎಣ್ಣೆ, ಒಂದೇ ಬಾಗಿಲು. ಅಂಗಳದ ಕಡೆ, ಜನರ ಕಡೆ ಓಡಿ.

ಪಕ್ಕದ ಎರಡು ಮನೆಯವರಿಗೆ ಒಂದು ಸನ್ನೆ ಹೇಳಿಡಿ. ಸ್ಟೀಲಿನ ತಾಟು ಬಡಿದರೆ ಒಬ್ಬರು 112ಕ್ಕೆ ಫೋನ್ ಮಾಡಬೇಕು, ಇನ್ನೊಬ್ಬರು ನಾಲ್ಕು ಜನರನ್ನು ಸೇರಿಸಿಕೊಂಡು ಬರಬೇಕು. ಹಳ್ಳಿಗೆ ಗಾಡಿ ಬರಲು ಹೊತ್ತಾಗುತ್ತದೆ, ಆ ಹೊತ್ತನ್ನು ಕಾಯುವುದು ನೆರೆಯವರೇ. ಫೋನಿನಲ್ಲಿ ಮೊದಲು ಊರು, ತಾಲೂಕು, ಗುರುತಿನ ಗುಡಿಯೋ ಟ್ಯಾಂಕೋ ಹೇಳಿ, ವಿಷಯ ಆಮೇಲೆ. ಕರೆ ಕಟ್ಟಾದರೂ ಎಲ್ಲಿಗೆ ಬರಬೇಕೆಂಬುದು ಉಳಿದಿರುತ್ತದೆ.

ನಸುಕಿನಲ್ಲಿ ಬಯಲಿಗೆ ಒಬ್ಬರೇ ಹೋಗಬೇಡಿ. ಕೂಲಿಗೆ ಟಂಟಂನಲ್ಲಿ ಹೋಗುವಾಗ ಮೇಸ್ತ್ರಿಗೆ ವಿಷಯ ಹೇಳಿರಿ, ಸಾಲಿನ ಕೊನೆಯಲ್ಲಿ ಕಳೆ ತೆಗೆಯಲು ಒಬ್ಬರೇ ಉಳಿಯಬೇಡಿ. ಕೋರ್ಟಿನ ತಾರೀಕು ಇನ್ನೂ ಅಪಾಯದ ದಿನ. ನೀವು ಯಾವ ಹೊತ್ತಿಗೆ ಎಲ್ಲಿರುತ್ತೀರಿ ಎಂಬುದು ಅವನಿಗೆ ಖಚಿತವಾಗಿ ಗೊತ್ತಿರುವುದು ಅಂದು ಮಾತ್ರ. ಇಬ್ಬರನ್ನು ಕರೆದುಕೊಂಡು ಹೋಗಿ, ಅವನು ಹತ್ತುವ ಬಸ್ಸು ಬಿಟ್ಟು ಇನ್ನೊಂದು ಹತ್ತಿ, ರಕ್ಷಣೆ ಬೇಕೆಂದು ವಕೀಲರ ಮೂಲಕ ನ್ಯಾಯಾಧೀಶರಿಗೆ ಮೊದಲೇ ಅರ್ಜಿ ಕೊಡಿ. ಕೊಲೆ ಯತ್ನದಂಥ ಕೇಸಿನ ಸಾಕ್ಷಿಯಾಗಿದ್ದರೆ 2018ರ ಸಾಕ್ಷಿ ಸಂರಕ್ಷಣಾ ಯೋಜನೆಯಡಿ ಜಿಲ್ಲಾ ನ್ಯಾಯಾಧೀಶರ ಅಧ್ಯಕ್ಷತೆಯ ಸಮಿತಿಗೆ ಅರ್ಜಿ ಹಾಕಬಹುದು. ಬೆದರಿಕೆ ಎಷ್ಟೆಂದು ಡಿವೈಎಸ್‌ಪಿ 5 ಕೆಲಸದ ದಿನಗಳಲ್ಲಿ ವರದಿ ಕೊಡಬೇಕು.

ಫೋನಿನ ಸಿಮ್ ನಿಮ್ಮ ಹೆಸರಲ್ಲಿರಲಿ. ಹಳೆಯ ಗೂಗಲ್ ಖಾತೆಗೆ ಅವನ ಫೋನಿನಿಂದ ಲಾಗಿನ್ ಆಗಿದ್ದರೆ ನೀವಿರುವ ಜಾಗ ಅವನಿಗೆ ಕಾಣುತ್ತದೆ. ಹೊಸ ಖಾತೆ ತೆರೆಯಿರಿ. ಗೃಹಲಕ್ಷ್ಮಿ ಹಣ ಬರುವ ಬ್ಯಾಂಕ್ ಖಾತೆಗೆ ಅವನ ಮೊಬೈಲ್ ಸಂಖ್ಯೆ ಜೋಡಣೆಯಾಗಿದ್ದರೆ ಬದಲಿಸಿ, ಎಟಿಎಂನಿಂದ ಎಲ್ಲಿ ಹಣ ತೆಗೆದಿರಿ ಎಂಬ ಸಂದೇಶ ಅವನಿಗೆ ಹೋಗುತ್ತಿರುತ್ತದೆ. ಮಕ್ಕಳ ಶಾಲೆಯ ಮುಖ್ಯಶಿಕ್ಷಕರಿಗೆ ರಕ್ಷಣಾ ಆದೇಶದ ಪ್ರತಿ ಕೊಟ್ಟು, ಮಗುವನ್ನು ಯಾರ ಕೈಗೆ ಬಿಡಬಹುದೆಂದು ಬರೆದುಕೊಡಿ.

ಪ್ರಶ್ನೆ: ಮಗಳನ್ನು ಕೊಂದ ಅಳಿಯನಿಗೆ ಜಾಮೀನು ಸಿಕ್ಕಿದೆ. ಮೊಮ್ಮಕ್ಕಳು ನಮ್ಮಲ್ಲಿದ್ದಾರೆ. ಮಕ್ಕಳನ್ನೂ ಅವಳ ಹೆಸರಿನ ಹೊಲವನ್ನೂ ಕೇಳುತ್ತಿದ್ದಾನೆ. (ಲಿಂಗಸುಗೂರು ತಾಲೂಕು)

ಉತ್ತರ: ಹಿಂದೂ ಉತ್ತರಾಧಿಕಾರ ಕಾಯ್ದೆಯ ಕಲಂ 25ರಂತೆ ಕೊಂದವನಿಗೆ ಸತ್ತವರ ಆಸ್ತಿ ಬರುವುದಿಲ್ಲ. ಆದರೆ ತೀರ್ಪು ಬರುವ ಮುನ್ನವೇ ಪೌತಿ ಖಾತೆ ಅವನ ಹೆಸರಿಗೆ ಆಗಿಬಿಡಬಹುದು. ಎಫ್‌ಐಆರ್ ಪ್ರತಿ ಲಗತ್ತಿಸಿ ತಹಶೀಲ್ದಾರರಿಗೆ ಇಂದೇ ತಕರಾರು ಅರ್ಜಿ ಕೊಡಿ. ಮಕ್ಕಳ ಪಾಲನೆಗೆ 1890ರ ಪಾಲಕರು ಮತ್ತು ಪಾಲಿತರ ಕಾಯ್ದೆಯಡಿ ಅರ್ಜಿ ಹಾಕಿ ಮಧ್ಯಂತರ ಆದೇಶ ಪಡೆಯಿರಿ. ಕಾಗದವಿಲ್ಲದಿದ್ದರೆ 'ತಂದೆ' ಎಂಬ ಒಂದೇ ಮಾತಿನ ಮೇಲೆ ಅವನು ಶಾಲೆಯಿಂದಲೇ ಕರೆದೊಯ್ಯಬಹುದು. ಕೊಲೆ ಕಂಡ ಮಗು ಸಾಕ್ಷಿಯಾಗಿದ್ದರೆ ಈ ಎಚ್ಚರ ಇಮ್ಮಡಿ ಇರಲಿ. ಮಗುವಿನ ಹೇಳಿಕೆ ಮ್ಯಾಜಿಸ್ಟ್ರೇಟರ ಮುಂದೆ ದಾಖಲಾಗಿದೆಯೇ ಎಂದು ಕೇಳಿ. ಮಕ್ಕಳ ಕಲ್ಯಾಣ ಸಮಿತಿಯ ಮೂಲಕ ಮಕ್ಕಳ ರಕ್ಷಣೆಯ ಸರ್ಕಾರಿ ಯೋಜನೆ ಮಿಷನ್ ವಾತ್ಸಲ್ಯದ ಪ್ರಾಯೋಜಕತ್ವ (ನೆರವಿನ ಹಣ) ಸಿಕ್ಕರೆ ಪ್ರತಿ ಮಗುವಿಗೆ ತಿಂಗಳಿಗೆ 4,000 ರೂ. ಬರುತ್ತದೆ. ಸಂತ್ರಸ್ತರ ಪರಿಹಾರಕ್ಕೆ ಕಾನೂನು ಸೇವಾ ಪ್ರಾಧಿಕಾರದಲ್ಲಿ ಅರ್ಜಿ ಹಾಕಿ, ತೀರ್ಪಿಗೆ ಕಾಯಬೇಕಿಲ್ಲ.

ಪ್ರಶ್ನೆ: ಜೈಲಿನಿಂದ ಬರುತ್ತಿರುವವನು ನನ್ನ ಮಗ. ಸೊಸೆಯ ಮೇಲೆ ಅವನಿಗೆ ಸಂಶಯದ ರೋಗ. ನಾನೇನು ಮಾಡಬಹುದು? (ಮಾನ್ವಿ ತಾಲೂಕು)

ಉತ್ತರ: ಈ ಪ್ರಶ್ನೆ ಕೇಳಿದ್ದೇ ದೊಡ್ಡದು. ಕೊಲೆ ತಪ್ಪಿಸಲು ಗಂಡನ ಮನೆಯವರಿಗೆ ಆಗುವಷ್ಟು ಯಾರಿಗೂ ಆಗದು, ಏಕೆಂದರೆ ಅವನ ಮನಸ್ಸಿನಲ್ಲಿರುವುದು ಮೊದಲು ಹೊರಬರುವುದು ನಿಮ್ಮ ಮುಂದೆ. ಬಿಡುಗಡೆಯ ದಿನ ಜೈಲಿನ ಬಾಗಿಲಿಗೆ ನೀವೇ ಹೋಗಿ, ಸೊಸೆಯಿರುವ ಊರಿಗೆ ಕರೆತರದೆ ದೂರದ ನೆಂಟರಲ್ಲಿ ಇರಿಸಿ. ಸೊಸೆ ಎಲ್ಲಿದ್ದಾಳೆ, ಯಾರ ಜೊತೆ ಮಾತಾಡುತ್ತಾಳೆ ಎಂಬುದನ್ನು ಅವನ ಎದುರು ಯಾರೂ ಆಡಬಾರದು. ಸಂಶಯ ಹಟದ ಹಂತ ಮುಟ್ಟಿದ್ದರೆ ಅದು ಕಾಯಿಲೆ, ಔಷಧಿಯಿದೆ. ಜಿಲ್ಲಾ ಆಸ್ಪತ್ರೆಯ ಮನೋವೈದ್ಯರಲ್ಲಿ ತೋರಿಸಿ, ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕನ್ನಡದಲ್ಲೇ ಮಾತಾಡಬಹುದು. ಹೊರಬಂದು ಮತ್ತೆ ವಿಪರೀತ ಕುಡಿಯಲು ತೊಡಗಿದರೆ ಮನೆಯಲ್ಲೇ ಕಟ್ಟಿಹಾಕಿ ಬಿಡಿಸಲು ಹೋಗಬೇಡಿ. ದಿಢೀರ್ ನಿಲ್ಲಿಸಿದ ಎರಡು ಮೂರು ದಿನಕ್ಕೆ ನಡುಕ, ಫಿಟ್ಸ್, ಇಲ್ಲದ್ದು ಕಾಣುವ ಭ್ರಮೆ ಬರಬಹುದು, ಅದಕ್ಕೆ ಆಸ್ಪತ್ರೆಯೇ ಬೇಕು.

'ಅವಳ ಕಥೆ ಮುಗಸ್ತೀನಿ' ಎಂದು ಅವನು ಹೇಳಿದರೆ, ಕುಡುಗೋಲು ಮಸೆದರೆ, ಎರಡು ದಿನ ಮಾತು ಬಿಟ್ಟು ಹಠಾತ್ತನೆ ಕಾಣೆಯಾದರೆ ಮೊದಲ ಫೋನ್ ಸೊಸೆಗೆ ಮಾಡಿ, ಎರಡನೆಯದು 112ಕ್ಕೆ. ಅವನನ್ನು ಹುಡುಕಿಕೊಂಡು ಹೋಗುವುದು ಆಮೇಲೆ.