ಪ್ರತಿಕ್ರಿಯೆ: ಮೂರನೇ ತರಗತಿಯ ಗ್ರಂಥಾಲಯದ ಅವಧಿಯಲ್ಲಿ ಏನು ಮಾಡಿಸಬಹುದು?

ವಾರಕ್ಕೊಂದೇ ಅವಧಿ, ನಲವತ್ತು ನಿಮಿಷ, ಮಕ್ಕಳು ಪುಸ್ತಕ ಕೈಗೆತ್ತಿಕೊಂಡು ಹರಟೆಗೆ ಕೂರುತ್ತಾರೆ, ಏನು ಮಾಡಿಸಲಿ ಎಂದು ಕೇಳಿದ್ದೀರಿ. ಮೊದಲು ನೀವೇ ಗಟ್ಟಿಯಾಗಿ ಓದಿ ಹೇಳಿ. ಹತ್ತು ನಿಮಿಷ ಸಾಕು. ಪುಸ್ತಕವನ್ನು ಭುಜದ ಪಕ್ಕಕ್ಕೆ ಹಿಡಿಯಿರಿ, ಚಿತ್ರ ಮಕ್ಕಳ ಕಡೆಗಿರಲಿ. ಕುತೂಹಲ ಏರಿದ ಪುಟದಲ್ಲಿ ನಿಲ್ಲಿಸಿ, ‘ಮುಂದೇನಾಗಬಹುದು?’ ಎಂದು ಕೇಳಿ, ಉತ್ತರ ಹೇಳದೆ ಪುಸ್ತಕವನ್ನು ಮೇಜಿನ ಮೇಲಿಟ್ಟುಬಿಡಿ. ಗಂಟೆ ಹೊಡೆದ ಮೇಲೂ ನಾಲ್ಕು ತಲೆಗಳು ಆ ಪುಟದ ಮೇಲೆ ಬಾಗಿರುತ್ತವೆ.

ಪುಸ್ತಕಗಳನ್ನು ಡ್ಯೂಯಿ ದಶಮಾಂಶ ಪದ್ಧತಿಯಲ್ಲಿ, ಅಂದರೆ ಒಂದೊಂದು ವಿಷಯಕ್ಕೆ ಒಂದೊಂದು ಸಂಖ್ಯೆ ಕೊಟ್ಟು, ಜೋಡಿಸಿದ್ದರೆ ಪತ್ತೇದಾರಿ ಆಟವೂ ಆದೀತು. ಚೀಟಿಯಲ್ಲಿ 398.2 ಎಂದಷ್ಟೇ ಬರೆದು ಕೊಡಿ. ಇಬ್ಬಿಬ್ಬರಾಗಿ ಹೋಗಿ ಜನಪದ ಕಥೆಗಳ ಕಪಾಟನ್ನು ಹುಡುಕಲಿ. 590ರಲ್ಲಿ ಪ್ರಾಣಿಗಳು, 520ರಲ್ಲಿ ಖಗೋಳ. ಡೈನೊಸಾರ್ ಹುಚ್ಚಿನ ಹುಡುಗನಿಗೆ 567.9 ತೋರಿಸಿದರೆ ಮಗ್ಗಿ ಮರೆತರೂ ಆ ಸಂಖ್ಯೆಯನ್ನು ಮರೆಯುವುದಿಲ್ಲ.

ದೊಡ್ಡ ಕಾರ್ಯಕ್ರಮ ಬೇಕೆಂದರೆ ಏಪ್ರಿಲ್ 2 ಅಂತರರಾಷ್ಟ್ರೀಯ ಮಕ್ಕಳ ಪುಸ್ತಕ ದಿನ, 1967ರಿಂದ ನಡೆದು ಬಂದಿದೆ. (ಅಂದು ರಜೆಯಿದ್ದರೆ ಯಾವ ದಿನವಾದರೂ ಸರಿಯೇ.) ಮಕ್ಕಳು ತಮ್ಮ ಗೊಂಬೆಗಳನ್ನು ತಂದು ಒಂದು ರಾತ್ರಿ ಗ್ರಂಥಾಲಯದಲ್ಲಿ ಬಿಟ್ಟುಹೋಗಲಿ. ಅವು ಓದುತ್ತಿರುವಂತೆ ಕೂರಿಸಿ, ಫೋಟೊ ತೆಗೆದು ಮರುದಿನ ಗೋಡೆಗೆ ಅಂಟಿಸಿ. ತನ್ನ ಕರಡಿ ಓದಿದ ಪುಸ್ತಕ ತನಗೇ ಬೇಕೆಂದು ಜಗಳ ಶುರುವಾಗುತ್ತದೆ, ಸಿದ್ಧವಾಗಿರಿ.

ಎಷ್ಟು ಪುಸ್ತಕ ಓದಿದರು ಎಂಬ ಲೆಕ್ಕಕ್ಕೆ ಬಹುಮಾನ ಮಾತ್ರ ಇಡಬೇಡಿ. ನಾನು ಒಮ್ಮೆ ಇಟ್ಟು ಕೆಟ್ಟೆ. ಎಲ್ಲರೂ ತೆಳು ಪುಸ್ತಕಗಳಿಗೆ ಮುಗಿಬಿದ್ದರು. ದಪ್ಪ ಪುಸ್ತಕವೊಂದನ್ನು ತಿಂಗಳಿಡೀ ಬಿಡದೆ ಓದಿದ ಹುಡುಗಿ ಬರಿಗೈಯಲ್ಲಿ ಹೋದಳು.